ಹಳೆಯ ಪಟಗಳಿಗೆ ಬಣ್ಣ ಬಳಿಯುವ ಉಪಕಾರಿಗಳಿಗೆ

ಸತ್ತವರ ಮುಖಕ್ಕೆ ಪೌಡರು ಹಚ್ಚಿ ಮೆರವಣಿಗೆ ಹೊರಡಿಸುವ ಕೆಲಸವೊಂದು ಈಗ ಭರದಿಂದ ಸಾಗಿದೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ಯೂರೋಪು, ಅಮೆರಿಕಗಳ ಛಾಯಾಚಿತ್ರಗಳು, ಅಂದರೆ ಹಿತ್ತಾಳೆ ದೀಪದ ಮೋಟಾರುಗಾಡಿಗಳು, ಗರಿಯ ಟೋಪಿಯ ಹೆಂಗಸರು, ಕುದುರೆಗಾಡಿಗಳ ಬೀದಿಗಳು, ಗಣಕಯಂತ್ರದಿಂದ ಬಣ್ಣ ಬಳಿಸಿಕೊಂಡು, ಗೀರು ಕಲೆಗಳನ್ನು ಅಳಿಸಿಕೊಂಡು, ಅಡಿಬರಹವನ್ನು ಕಳೆದುಕೊಂಡು ದಿನ ಬೆಳಗಾದರೆ ನಮ್ಮ ಮೊಬೈಲುಗಳಿಗೆ ಬಂದು ಬೀಳುತ್ತಿವೆ. ಜೊತೆಗೊಂದು ನಿಟ್ಟುಸಿರು: ಎಂಥ ಕಾಲವಪ್ಪಾ ಅದು! ನಮ್ಮ ಸಂಘದ ವಿದ್ಯಾವಂತ ಸದಸ್ಯರೇ ಇವನ್ನು ಹಂಚುತ್ತಿರುವುದರಿಂದ ನಾಲ್ಕು ಮಾತು ಬರೆಯಬೇಕಾಯಿತು. ಖಾರ ಹೆಚ್ಚಾದರೆ ಸಂಪಾದಕರು ಮನ್ನಿಸಲಿ.

ಇಪ್ಪತ್ತು ವರ್ಷಗಳಿಂದ ಸರ್ಕಾರಿ ಕಡತಗಳ ನಡುವೆ ಬಾಳುತ್ತಿರುವವನು ನಾನು. ದಿನಾಂಕವಿಲ್ಲದ, ಸಹಿಯಿಲ್ಲದ, ಮೇಲೆ ತಿದ್ದಿ ಬರೆದ ಕಾಗದವನ್ನು ಯಾರಾದರೂ ಆಧಾರವೆಂದು ಮುಂದಿಟ್ಟರೆ ನಮ್ಮಲ್ಲಿ ಅದನ್ನು ಮುಟ್ಟುವುದಿಲ್ಲ. ಛಾಯಾಚಿತ್ರವೂ ಒಂದು ದಾಖಲೆಯೇ. ಅದನ್ನು ತಿದ್ದುವ ಹಕ್ಕು ಯಾರು ಯಾರಿಗೆ ಕೊಟ್ಟರು?

ಬಣ್ಣದ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ನನಗೆ ಕಚೇರಿಯಲ್ಲಿ ಎಂದೂ ಉಪಯೋಗಕ್ಕೆ ಬಂದಿಲ್ಲ, ಇಲ್ಲಾದರೂ ಬರಲಿ. ಆ ಕಾಲದ ಬಹುಪಾಲು ಗಾಜಿನ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ, ನೀಲಿ ಬೇಕಾದುದಕ್ಕಿಂತ ಹೆಚ್ಚಾಗಿ ಕಾಣುತ್ತಿತ್ತು. ಹೀಗಾಗಿ ಕೆಂಪು ವಸ್ತು ಪಟದಲ್ಲಿ ಕಪ್ಪಾಗಿಯೂ ನೀಲಿ ವಸ್ತು ಬಿಳಿಚಿಯೂ ಮೂಡುತ್ತಿದ್ದವು. ಅಂದಿನ ಪಂದ್ಯಗಳಲ್ಲಿ ಫ್ರಾನ್ಸಿನ ಗಾಡಿಗಳಿಗೆ ನೀಲಿ, ಇಟಲಿಯವಕ್ಕೆ ಕೆಂಪು, ಇಂಗ್ಲೆಂಡಿನವಕ್ಕೆ ಹಸಿರು, ಜರ್ಮನಿಯವಕ್ಕೆ ಬಿಳಿ ಎಂಬ ವಾಡಿಕೆ ಬೆಳೆದಿತ್ತು. ಈಗ ಬಣ್ಣ ಬಳಿಯುವ ಯಂತ್ರ ಪಟದಲ್ಲಿ ಏನನ್ನು ನೋಡೀತು? ಬಿಳಿಚಿದ್ದನ್ನು ಬಿಳಿಯೆಂದೂ ಕಪ್ಪಾದುದನ್ನು ಕಪ್ಪೆಂದೂ ತಿಳಿದು ಫ್ರಾನ್ಸಿನ ಗಾಡಿಯನ್ನು ಜರ್ಮನಿಗೆ ದತ್ತು ಕೊಟ್ಟುಬಿಡುತ್ತದೆ! ಫೋರ್ಡರ 'ಟಿ' ಮಾದರಿಯ ಗಾಡಿ ಕಪ್ಪೊಂದೇ ಬಣ್ಣದಲ್ಲಿ ಸಿಗುತ್ತಿದ್ದುದು 1914ರಿಂದ 1925ರವರೆಗೆ ಮಾತ್ರ. 1908ರಲ್ಲಿ ಅದು ಹೊರಬಂದ ಮೊದಲ ವರ್ಷಗಳಲ್ಲಿ ಕೆಂಪು, ಹಸಿರು, ಬೂದು ಬಣ್ಣಗಳಿದ್ದವು. ಬಣ್ಣ ಹಚ್ಚಿದ ಪಟಗಳಲ್ಲಾದರೋ ಎಲ್ಲ ಗಾಡಿಗಳೂ ಎಮ್ಮೆಯ ಬಣ್ಣ.

ಆ ಕಾಲದಲ್ಲಿ ನಿಜವಾದ ವರ್ಣಚಿತ್ರ ಇರಲಿಲ್ಲವೆಂದಲ್ಲ. ಲ್ಯೂಮಿಯೇರ್ ಸೋದರರು ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಬಣ್ಣ ಕಟ್ಟಿ ತಯಾರಿಸಿದ ಆಟೋಕ್ರೋಮ್ ಪ್ಲೇಟುಗಳು 1907ರಿಂದ ಮಾರಾಟಕ್ಕಿದ್ದವು. ಆಲ್ಬರ್ಟ್ ಕಾನ್ ಎಂಬ ಪ್ಯಾರಿಸ್ಸಿನ ಬ್ಯಾಂಕಿನ ಧಣಿ ಇಂಥ ಪ್ಲೇಟುಗಳನ್ನು ಕೊಟ್ಟು ದೇಶದೇಶಗಳಿಗೆ ಜನರನ್ನು ಕಳಿಸಿ ಸುಮಾರು 72,000 ಚಿತ್ರಗಳನ್ನು ಕೂಡಿಹಾಕಿದ. ಆದರೆ ಒಳ್ಳೆಯ ಬಿಸಿಲಿನಲ್ಲಿಯೂ ಆ ಪ್ಲೇಟಿಗೆ ಒಂದು ಸೆಕೆಂಡಿನಷ್ಟು ಬೆಳಕು ಬೇಕಿತ್ತು. ಗಂಟೆಗೆ ನೂರು ಕಿಲೋಮೀಟರು ಓಡುವ ಗಾಡಿ ಅಷ್ಟರಲ್ಲಿ 28 ಮೀಟರು ದಾಟಿರುತ್ತದೆ. ಆದುದರಿಂದ 1908ರ ಪಂದ್ಯದಲ್ಲಿ ಧೂಳೆಬ್ಬಿಸಿ ಓಡುತ್ತಿರುವ ಗಾಡಿಯ ಸ್ಪಷ್ಟವಾದ ಬಣ್ಣದ ಪಟ ನಿಮಗೆ ಬಂದರೆ, ಬಣ್ಣ ಆಮೇಲೆ ಹಚ್ಚಿದ್ದೆಂದು ಕಣ್ಣುಮುಚ್ಚಿ ಹೇಳಬಹುದು.

ಬಣ್ಣವಾಯಿತು; ಇನ್ನು ಆಕಾರ. ಫ್ರಾನ್ಸಿನ ಝಾಕ್ ಆನ್ರಿ ಲಾರ್ತೀಗ್ ಸಿರಿವಂತರ ಮನೆಯ ಹುಡುಗ, ಹುಟ್ಟಿದ್ದು 1894ರಲ್ಲಿ. ಬಾಲ್ಯದಲ್ಲೇ ತಂದೆ ಕ್ಯಾಮೆರಾ ಕೈಗಿತ್ತಿದ್ದರು. ಅವನು ತೆಗೆದ ಮೋಟಾರು ಪಂದ್ಯದ ಒಂದು ಪಟ ಜಗತ್ಪ್ರಸಿದ್ಧ. ಗಾಡಿಯ ಚಕ್ರ ಮೊಟ್ಟೆಯಂತೆ ಮುಂದಕ್ಕೆ ವಾಲಿದೆ, ರಸ್ತೆ ಬದಿಯಲ್ಲಿ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಅಂದಿನ ಕ್ಯಾಮೆರಾಗಳಲ್ಲಿ ಕಿರಿದಾದ ಸೀಳೊಂದಿರುವ ಪರದೆ ಪ್ಲೇಟಿನ ಮುಂದೆ ಮೇಲಿಂದ ಕೆಳಕ್ಕೆ ಸರಿಯುತ್ತಿತ್ತು. ಪ್ಲೇಟಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಚಕ್ರದ ತಳ ಮೊದಲು, ತಲೆ ಆಮೇಲೆ ಮೂಡಿತು. ಆ ಕ್ಷಣದ ಭಾಗದಲ್ಲಿ ಗಾಡಿ ಮುಂದೆ ಹೋಗಿತ್ತು. ಹುಡುಗ ಕ್ಯಾಮೆರಾವನ್ನು ಗಾಡಿಯ ಜೊತೆ ತಿರುಗಿಸುತ್ತಿದ್ದ, ಆದರೆ ಗಾಡಿಯಷ್ಟು ಬೇಗ ಅಲ್ಲ. ಆದ್ದರಿಂದ ನಿಂತವರು ಹಿಂದಕ್ಕೆ ಬಾಗಿದರು. ವೇಗವೆಂಬುದು ಪಟದೊಳಕ್ಕೆ ಬಂದು ಕೂತದ್ದು ಹೀಗೆ. 'ದೋಷ ಸರಿಪಡಿಸುವ' ಇಂದಿನ ಯಂತ್ರದ ಕೈಗೆ ಕೊಟ್ಟರೆ ಚಕ್ರವನ್ನು ದುಂಡಗೆ ಮಾಡಿ, ಜನರನ್ನು ನೆಟ್ಟಗೆ ನಿಲ್ಲಿಸಿ, ಪಟವನ್ನು ಕೊಂದು ನಮ್ಮ ಕೈಗಿಡುತ್ತದೆ.

ಇದೇ ಪಟಕ್ಕೆ ಇನ್ನೊಂದು ಕತೆಯಿದೆ. ಬಹುಕಾಲ ಇದನ್ನು 1912ರಲ್ಲಿ ಸಮುದ್ರತೀರದ ದಿಯೆಪ್‌ನಲ್ಲಿ ನಡೆದ ಪಂದ್ಯದ್ದೆಂದು ಅಚ್ಚುಹಾಕುತ್ತಿದ್ದರು. ಗಾಡಿಯ ಮೇಲಿನ 6 ಎಂಬ ಸಂಖ್ಯೆಯನ್ನು ಪಂದ್ಯದ ಪಟ್ಟಿಗಳೊಡನೆ ತಾಳೆ ನೋಡಿದವರು, ಇದು 1913ರ ಜುಲೈನಲ್ಲಿ ಅಮಿಯಾ ಪಟ್ಟಣದ ಬಳಿ ಓಡಿದ ಷ್ನೈಡರ್ ಗಾಡಿ ಎಂದು ತೋರಿಸಿಕೊಟ್ಟರು. ಒಂದು ವರ್ಷದ ವ್ಯತ್ಯಾಸಕ್ಕೆ ಇಷ್ಟು ರಾದ್ಧಾಂತವೇ ಎನ್ನಬೇಡಿ. 1914ರ ಆಗಸ್ಟ್ ಕೊನೆಗೆ ಜರ್ಮನ್ ಸೈನ್ಯ ಅದೇ ಅಮಿಯಾ ಪಟ್ಟಣವನ್ನು ಹೊಕ್ಕಿತು. ಆ ಪಂದ್ಯ ಗೆದ್ದ ಝಾರ್ಜ್ ಬುವಾಯೋ ಯುದ್ಧವಿಮಾನ ಹಾರಿಸುತ್ತ 1916ರಲ್ಲಿ ಮಡಿದ. ಇದನ್ನು ತಿಳಿದು ಆ ಬಾಗಿದ ಜನರನ್ನು ಮತ್ತೊಮ್ಮೆ ನೋಡಿ. ಅವರಲ್ಲಿನ ಯುವಕರು ಮರುವರ್ಷ ಎಲ್ಲಿದ್ದಿರಬೇಕು? ಯಾವ ಬಣ್ಣವೂ ಕೊಡಲಾರದ್ದನ್ನು ಒಂದು ಸರಿಯಾದ ದಿನಾಂಕ ಕೊಟ್ಟಿತು. ನಮ್ಮವರು ಹಂಚುವಾಗ ಮೊದಲು ಕತ್ತರಿಸಿ ಎಸೆಯುವುದು ಅದನ್ನೇ.

ಅಡಿಬರಹವಿದ್ದೂ ಮೋಸ ಹೋಗುವುದುಂಟು. ನ್ಯೂಯಾರ್ಕಿನ ಐದನೆಯ ಅವೆನ್ಯೂ ರಸ್ತೆಯ ಎರಡು ಪಟಗಳು ಎಷ್ಟು ಸಲ ಬಂದಿಲ್ಲ! 1900ರ ಈಸ್ಟರ್ ಹಬ್ಬದಂದು ರಸ್ತೆ ತುಂಬ ಕುದುರೆಗಾಡಿ, 1913ರ ಈಸ್ಟರಿನಂದು ರಸ್ತೆ ತುಂಬ ಮೋಟಾರು. ಹದಿಮೂರೇ ವರ್ಷದಲ್ಲಿ ಕುದುರೆ ಮಾಯವಾಯಿತೆಂದು ಉಪದೇಶ ಬೇರೆ. ಸ್ವಾಮಿ, ಅದು ಆ ಊರಿನ ಕೋಟ್ಯಧಿಪತಿಗಳ ರಸ್ತೆ, ಅದೂ ಹಬ್ಬದ ದಿನ. ಅಮೆರಿಕದಲ್ಲಿ ಕುದುರೆಗಳ ಸಂಖ್ಯೆ ಎರಡು ಕೋಟಿ ಮೀರಿ ಶಿಖರಕ್ಕೇರಿದ್ದೇ 1915ರ ಸುಮಾರಿಗೆ. ದೀಪಾವಳಿಯ ರಾತ್ರಿ ಮಲಬಾರ್ ಹಿಲ್ಲಿನ ಪಟ ತೆಗೆದು ಇದೇ ಮುಂಬಯಿ ಎಂದರೆ ಧಾರಾವಿಯವರು ಒಪ್ಪುತ್ತಾರೆಯೆ?

'ಎಂಥ ಕಾಲ' ಎಂದು ಉಸಿರುಗರೆಯುವವರು ಅತ್ಜೆಯ ಪಟಗಳನ್ನು ನೋಡಬೇಕು. ಲಾರ್ತೀಗ್ 1911ರಲ್ಲಿ ಬುವಾ ದ ಬುಲೋನ್ ಹಾದಿಯಲ್ಲಿ ತುಪ್ಪಳದ ಕೋಟು ತೊಟ್ಟು ನಾಯಿಗಳೊಡನೆ ಹೊರಟ ಹೆಂಗಸರನ್ನು ಹಿಡಿಯುತ್ತಿದ್ದ ವರ್ಷಗಳಲ್ಲೇ, ಯೂಜೆನ್ ಅತ್ಜೆ ಎಂಬ ಬಡಪಾಯಿ ಭಾರದ ಮರದ ಕ್ಯಾಮೆರಾ ಹೊತ್ತು ಅದೇ ಪ್ಯಾರಿಸ್ಸಿನ ಅಂಚಿಗೆ ಹೋಗಿ ಚಿಂದಿ ಆಯುವವರ ಗುಡಿಸಲುಗಳನ್ನು ಚಿತ್ರಿಸುತ್ತಿದ್ದ. ಹರಕು ಬಟ್ಟೆಯ ರಾಶಿ, ಕೈಗಾಡಿ, ಬಾಗಿಲಲ್ಲಿ ನಿಂತ ಸಂಸಾರ. ಇವನ್ನು ಯಾರೂ ನನಗೆ ಇದುವರೆಗೆ ಕಳಿಸಿಲ್ಲ. ಲಾರ್ತೀಗ್ ಸುಳ್ಳುಗಾರನೆಂದು ನಾನು ಹೇಳುತ್ತಿಲ್ಲ. ಅವನು ತನ್ನ ಮನೆಯ ಸುಖವನ್ನು ತೆಗೆದ. ಅದನ್ನು ಇಡೀ ಕಾಲದ ಸುಖವೆಂದು ಮಾರುವವರ ಮೇಲೆ ನನ್ನ ತಕರಾರು.

ನಮ್ಮ ಸ್ಟುಡಿಯೋದವರು ಅಜ್ಜ ಅಜ್ಜಿಯರ ಪಟಗಳಿಗೆ ಕೈಯಿಂದ ಬಣ್ಣ ಹಚ್ಚಲಿಲ್ಲವೇ ಎಂದು ಕೇಳುವವರಿದ್ದಾರೆ. ಹಚ್ಚಿದರು. ಆ ಅಜ್ಜಿಯ ಕೆನ್ನೆಯ ಗುಲಾಬಿ ಕುಂಚದ್ದೆಂದು ಮನೆಯ ಮಗುವಿಗೂ ಗೊತ್ತಾಗುತ್ತಿತ್ತು, ಸೀರೆಯ ಬಣ್ಣ ಯಾವುದೆಂದು ಅಜ್ಜಿಯನ್ನೇ ಕೇಳಬಹುದಿತ್ತು. ಯಂತ್ರ ಯಾರನ್ನು ಕೇಳುತ್ತದೆ?

ಪರದೇಶದ ಈ ಪುರಾಣವನ್ನೆಲ್ಲ ಹೇಳಲು ಕಾರಣವಿದೆ. ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಹಿಂದಿನ ಕಾರ್ಯಕಾರಿ ಸಮಿತಿಗಳ ಗುಂಪುಪಟಗಳನ್ನು 'ಹೊಸದು ಮಾಡಿ' ಬಣ್ಣದಲ್ಲಿ ಅಚ್ಚುಹಾಕಬೇಕೆಂಬ ಸಲಹೆ ಸಮಿತಿಯ ಮುಂದಿದೆಯಂತೆ. ನನ್ನ ವಿರೋಧವನ್ನು ಈ ಮೂಲಕ ದಾಖಲಿಸುತ್ತೇನೆ. ಪಟಗಳು ಇದ್ದ ಹಾಗೆಯೇ, ಗೆದ್ದಲು ತಿಂದ ಮೂಲೆಯ ಸಮೇತ ಬರಲಿ. ಹಿಂಬದಿಯಲ್ಲಿ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ಬರೆದಿಟ್ಟ ಹೆಸರು, ತಾರೀಖುಗಳೂ ಪಕ್ಕದ ಪುಟದಲ್ಲಿ ಬರಲಿ. ಹೆಸರಿಲ್ಲದವರನ್ನು ಗುರುತಿಸಬಲ್ಲ ಹಿರಿಯರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ಬಣ್ಣಕ್ಕೆಂದು ತೆಗೆದಿಟ್ಟ ಹಣವನ್ನು ಅವರ ಮನೆಗಳಿಗೆ ಹೋಗಿಬರುವ ರಿಕ್ಷಾ ಬಾಡಿಗೆಗೆ ಕೊಟ್ಟರೆ, ಭಾನುವಾರಗಳಂದು ಓಡಾಡಿ ಬರೆದುಕೊಂಡು ಬರಲು ನಾನು ಸಿದ್ಧ.