ಸುತ್ತಿಗೆಯ ಡಾಕ್ಟರೂ ಸ್ಕ್ಯಾನಿನ ಭಕ್ತರೂ

‘ಮೇಷ್ಟ್ರೇ, ಅಷ್ಟು ದೂರ ಹೋಗಿದ್ದಕ್ಕೆ ಏನು ಬಂತು? ಮಂಡಿಗೆ ಸುತ್ತಿಗೆಯಲ್ಲಿ ಎರಡು ಪೆಟ್ಟು ಹಾಕಿ, ಅಂಗಾಲು ಗೀರಿ, ಅತ್ತಿಂದಿತ್ತ ನಡೆಸಿ ಕಳಿಸಿದರು. ಒಂದು ಸ್ಕ್ಯಾನ್ ಕೂಡ ಬರೆಯಲಿಲ್ಲ!’

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿಯಲ್ಲಿ ಹೀಗೆ ಅಲವತ್ತುಕೊಂಡ. ತಾಯಿಯ ಕೈ ನಡುಗುತ್ತದೆಂದು ನರರೋಗ ತಜ್ಞರಲ್ಲಿಗೆ ಕರೆದೊಯ್ದಿದ್ದನಂತೆ. ಅವನ ಮೇಲಿನ ವಾತ್ಸಲ್ಯಕ್ಕೆ ಚ್ಯುತಿ ಬಾರದಂತೆಯೇ ಹೇಳುತ್ತೇನೆ: ಇದು ಅವಿವೇಕದ ದೂರು. ನಮ್ಮ ಬಂಧುಬಳಗದಲ್ಲಿಯೂ ಇದೇ ಮಾತನ್ನು ಎಷ್ಟೋ ಬಾರಿ ಕೇಳಿದ್ದೇನೆ. ಯಂತ್ರದೊಳಗೆ ಮಲಗಿಸಿದರೆ ಮಾತ್ರ ಚಿಕಿತ್ಸೆ, ಮಾತನಾಡಿಸಿದರೆ ಕಾಲಹರಣ ಎಂಬ ಮೌಢ್ಯ ವಿದ್ಯಾವಂತರಲ್ಲೇ ಹೆಚ್ಚು.

ನನ್ನ ಸಂಗತಿಯನ್ನೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಪ್ಪುಹಲಗೆಯ ಮೇಲೆ ದುಂಡಗೆ ಬರೆದ ನನ್ನ ಅಕ್ಷರ, ಎರಡು ವರ್ಷಗಳ ಹಿಂದೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಸಿವೆಯಷ್ಟಾಗತೊಡಗಿತು. ನಡೆಯುವಾಗ ಬಲಗೈ ಬೀಸುತ್ತಿಲ್ಲವೆಂದು ಸೊಸೆ ಗಮನಿಸಿದಳು. ತಜ್ಞರು ಕೇಳಿದ ಪ್ರಶ್ನೆಗಳು ಮೊದಲಿಗೆ ನನಗೂ ಅಸಂಬದ್ಧವಾಗಿ ಕಂಡವು. ನಡುಕ ಮೊದಲು ಯಾವ ಕೈಗೆ ಬಂತು? ಲೋಟ ಎತ್ತುವಾಗಲೋ, ಕೈ ತೊಡೆಯ ಮೇಲೆ ಸುಮ್ಮನಿರುವಾಗಲೋ? ಒಗ್ಗರಣೆಯ ವಾಸನೆ ತಿಳಿಯುತ್ತದೆಯೇ? ಮಲಬದ್ಧತೆ ಉಂಟೇ? ನಿದ್ದೆಯಲ್ಲಿ ಕೂಗಿ ಕಾಲು ಝಾಡಿಸುತ್ತೀರಾ? ಆಮೇಲೆ ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗನೆ ತಾಗಿಸಲು ಹೇಳಿದರು, ಸುರುಳಿ ಬರೆಸಿದರು, ಮಣಿಕಟ್ಟು ತಿರುಗಿಸಿ ಬಿಗಿತ ನೋಡಿದರು, ಹಿಂದೆ ನಿಂತು ಭುಜ ಹಿಡಿದು ಎಳೆದು, ನಾನು ಸಾವರಿಸಿಕೊಳ್ಳುವ ಬಗೆಯನ್ನು ಪರೀಕ್ಷಿಸಿದರು. ಪಾರ್ಕಿನ್ಸನ್ ಕಾಯಿಲೆ ಎಂದು ನಿರ್ಧರಿಸಿದ್ದು ಇದರಿಂದಲೇ. ತಾನೊಂದೇ ನಿಂತು ಈ ಕಾಯಿಲೆಯನ್ನು ಸಾರುವ ಸಾಮಾನ್ಯ ಎಂಆರ್‌ಐ ಇಲ್ಲ. ಅದು ಬೇರೆ ಕಾರಣಗಳನ್ನು ತಳ್ಳಿಹಾಕಲು ನೆರವಾಗುತ್ತದೆ, ಅಷ್ಟೆ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ್ದು ಆರು ಮಂದಿಯನ್ನು. ಅವರಲ್ಲಿ ಮೂವರನ್ನು ಆತ ಕಂಡದ್ದು ಲಂಡನ್ನಿನ ಬೀದಿಯಲ್ಲಿ!

ಇನ್ನು ಜೊತೆಗೆ ಹೋಗುವವರ ವಿಚಾರ. ‘ಏನು ತೊಂದರೆ?’ ಎಂದು ವೈದ್ಯರು ಕೇಳಿದ್ದು ನನ್ನನ್ನು. ‘ಏನಿಲ್ಲ ಸಾರ್, ವಯಸ್ಸಾಯಿತು’ ಎಂದು ಉತ್ತರಿಸಿದವನು ನನ್ನ ಮಗ. ರೋಗಿಯ ಮಾತಿನ ಓಟ, ಪದಕ್ಕಾಗಿ ತಡಕಾಡುವ ರೀತಿ, ದನಿಯ ಕ್ಷೀಣತೆ ಇವೆಲ್ಲವೂ ಅಲ್ಲಿ ಪರೀಕ್ಷೆಯ ಭಾಗ. ಪರೀಕ್ಷಾ ಕೊಠಡಿಯಲ್ಲಿ ಮಗ್ಗುಲ ಹುಡುಗನಿಗೆ ಉತ್ತರ ಹೇಳಿಕೊಡುವುದನ್ನು ನಾನು ಎಂದಾದರೂ ಸಹಿಸಿದ್ದೆನೇ?

ಮೂರ್ಛೆರೋಗದಲ್ಲಿ ಮಾತ್ರ ಸಂಗತಿ ತಿರುವುಮುರುವು. ಬಿದ್ದವನಿಗೆ ಏನೂ ನೆನಪಿರದು, ಕಂಡವರೇ ಹೇಳಬೇಕು. ಆದರೆ ನಾವು ಮಾಡುವುದೇನು? ಕಣ್ಣಾರೆ ಕಂಡ ಹೆಂಡತಿಯನ್ನು ಅಡುಗೆಮನೆಯಲ್ಲಿ ಬಿಟ್ಟು, ಏನೂ ಕಾಣದ ಅಣ್ಣನನ್ನು ಬೆಂಗಳೂರಿನಿಂದ ಕರೆಸಿ ಜೊತೆಗೆ ಕಳಿಸುತ್ತೇವೆ. ಕತ್ತು ಯಾವ ಕಡೆ ತಿರುಗಿತು, ಎಷ್ಟು ನಿಮಿಷ ನಡೆಯಿತು, ಎಚ್ಚರವಾದ ಮೇಲೆ ಗಲಿಬಿಲಿ ಇತ್ತೇ ಎಂದರೆ ಆ ಅಣ್ಣ ಮೇಲೆ ನೋಡುತ್ತಾನೆ. ಕೈಗೆ ಬೀಗದ ಕೈ ತುರುಕುವ ಬದಲು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರೆ ವೈದ್ಯರಿಗೆ ಎಷ್ಟು ಉಪಕಾರ! ಇಇಜಿ ಪರೀಕ್ಷೆಗೆ ತಲೆಗೆ ಎಣ್ಣೆ ಹಚ್ಚದೆ ಹೋಗಬೇಕು; ಅದರಲ್ಲಿ ಮಿದುಳಿಗೆ ವಿದ್ಯುತ್ ಹಾಯಿಸುವುದಿಲ್ಲ, ಮಿದುಳಿನದನ್ನು ದಾಖಲಿಸುತ್ತಾರೆ. ಅದು ಸಹಜವಾಗಿ ಬಂದರೂ ಮೂರ್ಛೆರೋಗ ಇಲ್ಲವೆಂದಲ್ಲ.

ನನ್ನ ನಿಜವಾದ ಸಿಟ್ಟು ಇರುವುದು ಮುಚ್ಚುಮರೆಯ ಮೇಲೆ. 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. ಅದರ ಹೆಸರಿನಲ್ಲೇ ನರವಿಜ್ಞಾನವಿದ್ದರೂ ನಮ್ಮವರ ಬಾಯಲ್ಲಿ ಅದಿನ್ನೂ ಬೈಗುಳ. ಮನೋರೋಗವೂ ನಾಚಿಕೆಯ ವಿಷಯವಲ್ಲ ಎಂಬುದು ಬೇರೆ ಮಾತು. ನಮ್ಮ ಬಳಗದ ಹೆಣ್ಣುಮಗಳೊಬ್ಬಳಿಗೆ, ‘ಗಂಡಿನ ಕಡೆಯವರಿಗೆ ತಿಳಿಯಬಾರದು’ ಎಂದು ಮದುವೆಗೆ ಮುನ್ನ ಮೂರ್ಛೆಯ ಮಾತ್ರೆ ನಿಲ್ಲಿಸಿದರು. ಧಾರೆಯ ಮರುದಿನವೇ ಬಿದ್ದಳು, ತಲೆಗೆ ಪೆಟ್ಟಾಯಿತು. ಹಿಂದೂ ವಿವಾಹ ಕಾಯಿದೆಯೇ 1999ರ ತಿದ್ದುಪಡಿಯಲ್ಲಿ ಮೂರ್ಛೆರೋಗವನ್ನು ಅಡ್ಡಿಗಳ ಪಟ್ಟಿಯಿಂದ ತೆಗೆದುಹಾಕಿದೆ. ನಮ್ಮ ಜಗಲಿಯ ಪಂಚಾಯಿತಿ ಮಾತ್ರ ಇನ್ನೂ ತೆಗೆದಿಲ್ಲ. ಅಂದು ನಾನೂ ಆ ಮನೆಯಲ್ಲಿದ್ದೆ, ಸುಮ್ಮನಿದ್ದೆ.

ಸ್ಕ್ಯಾನ್ ಬೇಡವೆಂದು ನಾನು ಹೇಳುತ್ತಿಲ್ಲ. ಇದ್ದಕ್ಕಿದ್ದಂತೆ ಮುಖ ಒಂದು ಕಡೆ ಜೋತುಬಿದ್ದು, ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು. ಆಗ ಚೀಟಿ ಮಾಡಿಸಿ ಕಾಯುತ್ತ ಕೂರದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸಬೇಕು. ರಕ್ತದ ಗರಣೆ ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಗಡುವು. ತಲೆಯೆತ್ತಿಯೂ ನೋಡದೆ ಐದು ನಿಮಿಷದಲ್ಲಿ ಚೀಟಿ ಹರಿದುಕೊಡುವ ವೈದ್ಯರೂ ಇಲ್ಲದಿಲ್ಲ. ದೂರುವುದಾದರೆ ಸುತ್ತಿಗೆಯನ್ನೇ ಎತ್ತದವರನ್ನು ದೂರಿ.

ಆ ವಿದ್ಯಾರ್ಥಿಯ ತಾಯಿಗೆ ಮುಂದಿನ ತಿಂಗಳು ಮತ್ತೆ ಭೇಟಿಯಿದೆ. ಮಗೂ, ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಚೀಲದಲ್ಲಿಟ್ಟುಕೊಂಡು ಹೋಗು. ತಲೆಸುತ್ತಿಗೆಂದು ಬಹುಕಾಲ ನುಂಗಿದ ಸಿನ್ನಾರಿಜಿನ್‌ನಂಥ ಮಾತ್ರೆಯೂ ನಡುಕ ತರಬಲ್ಲದು. ಒಳಗೆ ಹೋದ ಮೇಲೆ ನಿನ್ನ ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡು ಕುಳಿತುಕೋ. ಅಮ್ಮ ಮಾತನಾಡಲಿ.