ಪರವಾನಗಿ ಕೈಸೇರಿದ ಮೇಲೆ

ಯಾವುದೇ ವಿದ್ಯೆಗೆ ದೊರೆಯುವ ಪ್ರಮಾಣಪತ್ರವು ಆ ವಿದ್ಯೆಯ ಕೊನೆಯಲ್ಲ, ಆರಂಭ. ಈ ಮಾತು ವಿಮಾನ ಹಾರಿಸುವ ಖಾಸಗಿ ಪರವಾನಗಿಗೆ ಹೊಂದುವಷ್ಟು ಬೇರೊಂದಕ್ಕೆ ಹೊಂದಲಾರದು. ಭಾರತದಲ್ಲಿ 17 ವರ್ಷ ತುಂಬಿ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿ, ವೈದ್ಯಕೀಯ ತಪಾಸಣೆಯಲ್ಲಿ ಅರ್ಹರೆನಿಸಿದವರು ಕನಿಷ್ಠ 40 ಗಂಟೆಗಳ ಹಾರಾಟವನ್ನೂ ನಿಗದಿತ ಪರೀಕ್ಷೆಗಳನ್ನೂ ಪೂರೈಸಿ ಈ ಪರವಾನಗಿ ಪಡೆಯಬಹುದು. ಆದರೆ ಇದನ್ನು ಹಿಡಿದು ಸಂಬಳಕ್ಕಾಗಿ ವಿಮಾನ ನಡೆಸುವಂತಿಲ್ಲ. ಹೀಗಿರುವಾಗ ಇಷ್ಟು ಹಣ, ಇಷ್ಟು ಶ್ರಮ ಸುರಿದು ಪಡೆದ ಈ ಕಾಗದದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಉತ್ತರ ಬೇಕಾದವರು ಚರಿತ್ರೆಯ ಕೆಲವು ಪುಟಗಳನ್ನು ತಿರುವಬೇಕು.

1929ರ ಫೆಬ್ರವರಿ 10ರಂದು ಜೆ. ಆರ್. ಡಿ. ಟಾಟಾ ಅವರಿಗೆ ವಿಮಾನಚಾಲನೆಯ ಪರವಾನಗಿ ದೊರೆಯಿತು. ಭಾರತದಲ್ಲಿ ನೀಡಲಾದ ಇಂತಹ ಪರವಾನಗಿಗಳಲ್ಲಿ ಅದರ ಸಂಖ್ಯೆ ಒಂದು. ಆಗ ಅವರಿಗೆ 24 ವರ್ಷ. ಸಿರಿವಂತರ ಮನೆಯ ಮಗ ಅದನ್ನು ಗೋಡೆಗೆ ತೂಗುಹಾಕಿ, ಬಿಡುವಾದಾಗ ಮುಂಬಯಿಯ ಮೇಲೆ ಒಂದು ಸುತ್ತು ಹಾರಿ ತೃಪ್ತನಾಗಬಹುದಿತ್ತು. ಆದರೆ ಮರುವರ್ಷವೇ ಅವರು ಕರಾಚಿಯಿಂದ ಲಂಡನ್ನಿನ ಕಡೆಗೆ ಒಂಟಿಯಾಗಿ ಹೊರಟರು. ಭಾರತ ಮತ್ತು ಇಂಗ್ಲೆಂಡುಗಳ ನಡುವೆ ಒಂದು ತಿಂಗಳ ಒಳಗೆ ಒಬ್ಬನೇ ಹಾರಿ ಮುಟ್ಟುವ ಮೊದಲ ಭಾರತೀಯನಿಗೆ ಆಗಾ ಖಾನರು 500 ಪೌಂಡುಗಳ ಬಹುಮಾನ ಘೋಷಿಸಿದ್ದರು.

ಈಜಿಪ್ಟಿನ ಅಬೂಕಿರ್ ಎಂಬಲ್ಲಿ ಇಳಿದಾಗ ಟಾಟಾ ಅವರಿಗೆ ಎದುರು ದಿಕ್ಕಿನಿಂದ ಬರುತ್ತಿದ್ದ ಪ್ರತಿಸ್ಪರ್ಧಿ ಕಾಣಿಸಿದ. ಹದಿನೇಳರ ಹರೆಯದ ಆಸ್ಪಿ ಇಂಜಿನಿಯರ್ ಸ್ಪಾರ್ಕ್ ಪ್ಲಗ್ ಇಲ್ಲದೆ ಅಲ್ಲಿ ತಡೆದು ನಿಂತಿದ್ದ. ಟಾಟಾ ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ ಒಂದನ್ನು ತೆಗೆದುಕೊಟ್ಟು ಮುಂದೆ ಹಾರಿದರು. ಕೆಲವೇ ಗಂಟೆಗಳ ಅಂತರದಲ್ಲಿ ಬಹುಮಾನ ಆಸ್ಪಿಯ ಪಾಲಾಯಿತು. ಆ ಹುಡುಗನೇ ಮುಂದೆ ವಾಯುಸೇನೆ ಸೇರಿ, 1960ರಿಂದ 1964ರವರೆಗೆ ಭಾರತೀಯ ವಾಯುಸೇನೆಯ ಮುಖ್ಯಸ್ಥನಾದ. ಸೋತವರು ತಮ್ಮ ಪರವಾನಗಿಗೆ ಬೇರೊಂದು ಉಪಯೋಗ ಕಂಡುಕೊಂಡರು.

1932ರ ಅಕ್ಟೋಬರ್ 15ರಂದು ಟಾಟಾ ಅಂಚೆಯ ಚೀಲ ಹೊತ್ತ ಪುಟ್ಟ ಪಸ್ ಮಾತ್ ವಿಮಾನವನ್ನು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ತಂದರು. ಅಲ್ಲಿಂದ ಮುಂದಿನ ಪಯಣ ಅವರ ಸಂಗಡಿಗ ನೆವಿಲ್ ವಿನ್ಸೆಂಟ್ ಅವರದು. ಆ ಅಂಚೆ ಮದರಾಸು ಸೇರಿದ್ದು ಬಳ್ಳಾರಿಯ ಮೂಲಕ. ಅಂದು ಆದವಾನಿಯೂ ರಾಯದುರ್ಗವೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 1953ರಲ್ಲಷ್ಟೇ ಅವು ಆಂಧ್ರಕ್ಕೆ ಸೇರಿದವು. ಹಾಗಾಗಿ ಭಾರತದ ವಿಮಾನ ಸಾರಿಗೆಯ ಮೊದಲ ಪುಟದಲ್ಲೇ ಈ ಗಡಿನಾಡ ಸೀಮೆಗೆ ಒಂದು ಸಾಲು ಸಂದಿದೆ. ಈ ಅಂಚೆ ಸೇವೆಯೇ ಬೆಳೆದು 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು ಪಡೆಯಿತು. ಟಾಟಾ ಮಾತ್ರ ಹಾರುವುದನ್ನು ಬಿಡಲಿಲ್ಲ. ಸೇವೆಗೆ 50 ವರ್ಷ ತುಂಬಿದ 1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಅವರು ಕರಾಚಿಯಿಂದ ಮುಂಬಯಿಗೆ ಹಳೆಯ ಕಾಲದ ವಿಮಾನವೊಂದನ್ನು ಮತ್ತೆ ಹಾರಿಸಿಕೊಂಡು ಬಂದರು.

ಸಿರಿವಂತರಿಗಷ್ಟೇ ಇದು ಸಾಧ್ಯವೆಂದು ಯಾರಾದರೂ ಹೇಳಿದರೆ ಆಮಿ ಜಾನ್ಸನ್ ಅವರ ಬಾಳನ್ನು ನೋಡಬೇಕು. ಇಂಗ್ಲೆಂಡಿನ ಹಲ್ ಪಟ್ಟಣದ ಮೀನು ವ್ಯಾಪಾರಿಯ ಮಗಳು ಆಕೆ. ಲಂಡನ್ನಿನ ವಕೀಲರ ಕಚೇರಿಯಲ್ಲಿ ನೌಕರಿ ಮಾಡುತ್ತಲೇ ಹಾರಾಟ ಕಲಿತು, 1929ರಲ್ಲಿ ಪರವಾನಗಿ ಪಡೆದರು. ಅಷ್ಟಕ್ಕೇ ನಿಲ್ಲದೆ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಕಲಿತು, ವಿಮಾನ ದುರಸ್ತಿಯ ಪರವಾನಗಿಯನ್ನೂ ಗಳಿಸಿದರು. ಮರುವರ್ಷದ ಮೇ 5ರಂದು ಲಂಡನ್ನಿನ ಕ್ರಾಯ್ಡನ್‌ನಿಂದ ಒಂಟಿಯಾಗಿ ಹೊರಟು 24ರಂದು ಆಸ್ಟ್ರೇಲಿಯದ ಡಾರ್ವಿನ್ ತಲುಪಿದರು. ಅದಕ್ಕೆ ಮೊದಲು ಆಕೆ ಮಾಡಿದ್ದ ಅತ್ಯಂತ ದೂರದ ಹಾರಾಟ ಲಂಡನ್ನಿನಿಂದ ತವರೂರಿಗೆ ಮಾತ್ರ. ದಾರಿಯಲ್ಲಿ ಇಂಧನ ಸಾಲದೆ ಝಾನ್ಸಿಯ ಸೈನಿಕರ ಕವಾಯತು ಮೈದಾನದಲ್ಲಿ ಇಳಿಯಬೇಕಾಯಿತು. ರಂಗೂನಿನ ಬಳಿ ವಿಮಾನ ಮುರಿದಾಗ ಕಲಿತಿದ್ದ ದುರಸ್ತಿಯ ವಿದ್ಯೆ ಕೈಹಿಡಿಯಿತು.

ಎರಡನೆಯ ಮಹಾಯುದ್ಧದಲ್ಲಿ ಆಮಿ ಬ್ರಿಟನ್ನಿನ ವಾಯು ಸಾಗಣೆ ಸಹಾಯಕ ದಳವನ್ನು ಸೇರಿದರು. ವಯಸ್ಸು ಅಥವಾ ಅಂಗವೈಕಲ್ಯದ ಕಾರಣ ವಾಯುಸೇನೆಗೆ ಸೇರಲಾಗದಿದ್ದವರು, ವಿಮಾನಚಾಲನೆ ಬಲ್ಲ ಹೆಂಗಸರು ಆ ದಳದಲ್ಲಿದ್ದರು. ಕಾರ್ಖಾನೆಗಳಿಂದ ಸೇನಾ ನೆಲೆಗಳಿಗೆ ಅವರು ಮುಟ್ಟಿಸಿದ ವಿಮಾನಗಳು ಮೂರು ಲಕ್ಷಕ್ಕೂ ಹೆಚ್ಚು. ಹವ್ಯಾಸಕ್ಕೆಂದು ಕಲಿತ ವಿದ್ಯೆ ನಾಡಿನ ಆಪತ್ತಿಗೆ ಒದಗಿತು. ಅದರ ಬೆಲೆಯನ್ನೂ ಅನೇಕರು ತೆತ್ತರು. 1941ರ ಜನವರಿಯಲ್ಲಿ ಇಂತಹದೇ ಹಾರಾಟವೊಂದರಲ್ಲಿ ಥೇಮ್ಸ್ ನದಿಯ ಅಳಿವೆಯಲ್ಲಿ ಬಿದ್ದು ಆಮಿ ತೀರಿಕೊಂಡರು.

ಈ ಬಾಳುಗಳಿಂದ ತಿಳಿಯಬೇಕಾದುದು ಸಾಹಸದ ಕಥೆಯನ್ನಷ್ಟೇ ಅಲ್ಲ. ಪರವಾನಗಿ ದೊರೆತ ದಿನ ಪಕ್ಕದ ಆಸನ ಖಾಲಿಯಾಗುತ್ತದೆ, ತಪ್ಪನ್ನು ತಿದ್ದುವ ಗುರು ಅಲ್ಲಿರುವುದಿಲ್ಲ. ಮೋಡ ಕವಿದಾಗ ಹೊರಡದಿರುವುದು, ಹೊರಟ ಮೇಲೂ ಹಿಂದಿರುಗುವುದು, ಇಂಧನವನ್ನು ಎರಡು ಬಾರಿ ಅಳೆಯುವುದು, ಇವೇ ಹೊಸ ಚಾಲಕನ ನಿಜವಾದ ಪರೀಕ್ಷೆಗಳು. ಕೈ ಜಡ್ಡುಗಟ್ಟದಂತೆ ಆಗಾಗ ಹಾರುತ್ತಿರಬೇಕು. ಹಿಂದಿನ 90 ದಿನಗಳಲ್ಲಿ ಮೂರು ಬಾರಿ ಏರಿ ಇಳಿಯದವರು ಪ್ರಯಾಣಿಕರನ್ನು ಕೂರಿಸಿಕೊಳ್ಳಬಾರದೆಂಬ ನಿಯಮ ಹಲವು ದೇಶಗಳಲ್ಲಿರುವುದು ಇದಕ್ಕಾಗಿಯೇ. ಗೊತ್ತಿರುವ ನಿಲ್ದಾಣದ ಸುತ್ತಲೇ ಗಿರಕಿ ಹೊಡೆಯುವುದಕ್ಕಿಂತ ಪ್ರತಿ ಹಾರಾಟಕ್ಕೂ ಒಂದು ಗುರಿ ಇರಬೇಕು: ಒಂದು ಹೊಸ ನಿಲ್ದಾಣ, ಒಂದು ಹೊಸ ಮಾರ್ಗ, ಅನುಭವಿಯೊಬ್ಬರ ಜೊತೆ ಒಂದು ಪಾಠ. ಹೀಗೆ ದಾಖಲೆ ಪುಸ್ತಕದಲ್ಲಿ ಕೂಡುತ್ತ ಹೋಗುವ ಗಂಟೆಗಳೇ ವೃತ್ತಿ ಪರವಾನಗಿಗೆ ಬೇಕಾದ 200 ಗಂಟೆಗಳ ಕಡೆಗೆ ಒಯ್ಯುತ್ತವೆ. ಖರ್ಚು ದೊಡ್ಡದಾದುದರಿಂದ ಪ್ರತಿ ಗಂಟೆಯನ್ನೂ ಲೆಕ್ಕವಿಟ್ಟು ಬಳಸುವುದು ಇನ್ನೂ ಮುಖ್ಯ.

ಕನ್ನಡ ಮಾಧ್ಯಮದ ಮಕ್ಕಳ ತಾಯ್ತಂದೆಯರಿಗೆ ಇಲ್ಲಿ ಒಂದು ಅಳುಕು ಇರಬಹುದು. ವಿಮಾನದ ಮಾತೆಲ್ಲ ಇಂಗ್ಲಿಷಿನಲ್ಲಲ್ಲವೇ ಎಂಬುದು ಆ ಅಳುಕು. ನಿಜ, ರೇಡಿಯೋದಲ್ಲಿ ಮಾತಾಡುವವರಿಗೆ ಅಂತರರಾಷ್ಟ್ರೀಯ ಮಟ್ಟದ ಇಂಗ್ಲಿಷ್ ಪರೀಕ್ಷೆಯೊಂದಿದೆ. ಆದರೆ ಅದು ಅಳೆಯುವುದು ಸ್ಪಷ್ಟವಾಗಿ ಕೇಳಿಸಿಕೊಳ್ಳುವ, ಸ್ಪಷ್ಟವಾಗಿ ಹೇಳುವ ಶಕ್ತಿಯನ್ನು, ಓದಿದ ಶಾಲೆಯ ಮಾಧ್ಯಮವನ್ನಲ್ಲ. ಗಾಳಿಯ ವೇಗವನ್ನೂ ದಿಕ್ಕನ್ನೂ ಲೆಕ್ಕ ಹಾಕುವ ಗಣಿತವು ಯಾವ ಭಾಷೆಯಲ್ಲಿ ಕಲಿತರೂ ಒಂದೇ. ಮನೆಯಲ್ಲೂ ಶಾಲೆಯಲ್ಲೂ ಎರಡು ಮೂರು ನುಡಿಗಳ ನಡುವೆ ಬೆಳೆಯುವ ಗಡಿನಾಡ ಮಗುವಿಗೆ ಇನ್ನೊಂದು ನುಡಿಯನ್ನು ಕಲಿಯುವುದು ಹೊಸ ಸಾಹಸವೇನಲ್ಲ. ಎನ್‌ಸಿಸಿಯ ವಾಯು ವಿಭಾಗವಿರುವ ಊರಿನಲ್ಲಿ ಮಕ್ಕಳನ್ನು ಅದಕ್ಕೆ ಸೇರಿಸುವುದು ಹೆಚ್ಚಿನ ಖರ್ಚಿಲ್ಲದ ಮೊದಲ ಹೆಜ್ಜೆ.

ಅಬೂಕಿರ್‌ನಲ್ಲಿ ಕೈ ಬದಲಾದ ಆ ಪ್ಲಗ್ಗಿನ ಬೆಲೆ ಅತ್ಯಲ್ಪ. ಅದನ್ನು ಕೊಟ್ಟವರಿಗೆ ಬಹುಮಾನ ತಪ್ಪಿತು, ಪಡೆದವನು ದೇಶದ ಆಕಾಶವನ್ನು ಕಾಯುವ ಹೊಣೆ ಹೊತ್ತ. ಮಕ್ಕಳಿಗೆ ಪರವಾನಗಿಯ ಆಸೆಯನ್ನು ಹುಟ್ಟಿಸುವವರು ಈ ಪ್ರಸಂಗವನ್ನೂ ಜೊತೆಗೆ ಹೇಳಿಕೊಡಬೇಕು.