ದುಡ್ಡು ನಮ್ಮದು, ಲೆಕ್ಕವೂ ನಮ್ಮ ಕೈಲೇ ಇರಲಿ!

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಅಕ್ಕಂದಿರೇ, ಅಣ್ಣಂದಿರೇ,

ನಮ್ಮ ದುಡ್ಡು ಹೋಗುತ್ತಿದೆ! ಭತ್ತ ಮಾರಿದ ದುಡ್ಡು, ರೇಷ್ಮೆಗೂಡು ಮಾರಿದ ದುಡ್ಡು, ತಾಂಡ್ಯದ ಫ್ಯಾಕ್ಟರಿಗಳಲ್ಲಿ ರಾತ್ರಿ ಪಾಳಿ ದುಡಿದ ಮಕ್ಕಳ ಸಂಬಳ, ಮದುವೆಗೆಂದು ಕಟ್ಟಿದ ಚೀಟಿ. ಫೋನನ್ನು ನಮ್ಮ ಬೆರಳಿಂದಲೇ ಒತ್ತಿಸಿಕೊಂಡು ವಂಚಕರು ದೋಚುತ್ತಿದ್ದಾರೆ!

ಮೊದಲು ಫೋನಿಗೆ ಒಂದು ವಾಟ್ಸ್‌ಆ್ಯಪ್ ಗುಂಪು. ದೊಡ್ಡ ಕಂಪನಿಯ ಹೆಸರು, ಕೋಟು ತೊಟ್ಟವನ ಫೋಟೊ. "ಷೇರಿಗೆ ಐದು ಸಾವಿರ ಹಾಕಿ ನೋಡಿ ಸಾರ್." ಹಾಕಿದರೆ ಐನೂರು ಲಾಭ ನಿಜವಾಗಿಯೂ ಖಾತೆಗೆ ಬೀಳುತ್ತದೆ. ಅಲ್ಲಿಗೆ ನಂಬಿಕೆ ಕುದುರಿತು. ಆಮೇಲೆ ಒಂದು ಲಕ್ಷ, ಎರಡು ಲಕ್ಷ. ಅವರ ಆ್ಯಪ್‌ನ ಪರದೆಯಲ್ಲಿ ಅದು ಹತ್ತು ಲಕ್ಷ! ತೆಗೆಯಲು ಹೋದರೆ "ಮೊದಲು ಟ್ಯಾಕ್ಸ್ ಕಟ್ಟಿ." ಕಟ್ಟಿದರೆ "ಇನ್ನೊಂದು ಫೀಸು ಬಾಕಿ." ಕೊನೆಗೆ ಗುಂಪೂ ಇಲ್ಲ, ದುಡ್ಡೂ ಇಲ್ಲ.

ಪೆಟ್ಟು ಯಾರಿಗೆ? ಸರ ಅಡವಿಟ್ಟು, ಗಂಡನಿಗೂ ಹೇಳಲಾಗದೆ ಒಳಗೊಳಗೇ ಬೇಯುವ ಅಕ್ಕನಿಗೆ. ನಿವೃತ್ತಿಯ ಗಂಟನ್ನೆಲ್ಲ ಸುರಿದ ಮೇಷ್ಟ್ರಿಗೆ. ಹೋದದ್ದನ್ನು ತುಂಬಲು ಮತ್ತೆ ವಾರದ ಕಂತಿನ ಸಾಲ! 2025ರ ಜನವರಿ ಮರೆತಿರಾ? ಮೈಕ್ರೋ ಫೈನಾನ್ಸ್ ವಸೂಲಿಯ ಕಾಟಕ್ಕೆ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ನಮ್ಮವರೇ ಮನೆಗೆ ಬೀಗ ಹಾಕಿ ಊರು ಬಿಟ್ಟರು.

ಹುಡುಗರೇ, ನೀವೂ ಕೇಳಿ. ಅಸಲಿ ಆ್ಯಪ್ ಆದರೂ ಷೇರುಪೇಟೆಯ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟಿನ ಕಡೆ ಹೋಗಬೇಡಿ. ಮೂರು ವರ್ಷಗಳ ಅವಧಿಯಲ್ಲಿ ಅದಕ್ಕೆ ದುಡ್ಡು ಹಾಕಿದ ನೂರು ಸಾಮಾನ್ಯರಲ್ಲಿ 93 ಮಂದಿ ಕಳೆದುಕೊಂಡರು. 2024ರಲ್ಲಿ ಈ ಲೆಕ್ಕ ಕೊಟ್ಟದ್ದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ!

ನಮ್ಮ ದುಡ್ಡು ನಾವೇ ಕಾಯಲು ದಾರಿ ಇದೆ. ಕಾಸು ಖರ್ಚಿಲ್ಲ! ಷೇರಿಗೆ ದುಡ್ಡು ಕಳಿಸುವ ಮುಂಚೆ ಕೇಳಿದವರ ಯುಪಿಐ ಐಡಿಯನ್ನು ಸೆಬಿಯದೇ ಆನ್‌ಲೈನ್ ಸೌಲಭ್ಯ 'ಸೆಬಿ ಚೆಕ್'ನಲ್ಲಿ ಹಾಕಿ ನೋಡಿ. 2025ರ ಅಕ್ಟೋಬರ್‌ನಿಂದ ನೋಂದಾಯಿತ ಬ್ರೋಕರ್‌ಗಳ ಐಡಿಯಲ್ಲಿ 'ವ್ಯಾಲಿಡ್' (valid) ಎಂಬ ಪದ ಇರುತ್ತದೆ. ಯಾರದೋ ಸ್ವಂತ ಖಾತೆಗೆ ಹಾಕಿ ಅಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ!

ನಿಮ್ಮ ಪ್ಯಾನ್ ನಂಬರಿನ ಮೇಲಿರುವ ಷೇರು, ಮ್ಯೂಚುವಲ್ ಫಂಡ್ ಎಲ್ಲದರ ಪಟ್ಟಿ, ಷೇರುಗಳ ಲೆಕ್ಕ ಇಡುವ ಡಿಪಾಸಿಟರಿ ಸಂಸ್ಥೆಯಿಂದಲೇ ಈಮೇಲ್‌ಗೆ ಬರುತ್ತದೆ. ಮಕ್ಕಳ ಕೈಲಿ ತೆಗೆಸಿ ಓದಿಸಿ. ಏಜೆಂಟ್ ತೋರಿಸಿದ ಷೇರು ಅದರಲ್ಲಿ ಕಾಣದಿದ್ದರೆ ತಕ್ಷಣ ಕೇಳಿ! ಠೇವಣಿ ಎತ್ತುವ ಕಂಪನಿ ಊರಿಗೆ ಬಂದರೆ ರಿಸರ್ವ್ ಬ್ಯಾಂಕಿನ 'ಸಚೇತ್' ವೆಬ್‌ಸೈಟಿನಲ್ಲಿ ವಿಚಾರಿಸಿ, ಅಲ್ಲೇ ದೂರೂ ಕೊಡಿ. ತೀರಿಹೋದ ಅಪ್ಪನ ಹಳೇ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕಿನದೇ 'ಉದ್ಗಮ್' ವೆಬ್‌ಸೈಟ್ ಇದೆ.

ಮೋಸ ಹೋದಿರಾ? ನಾಚಿಕೆ ಪಟ್ಟು ಕೂರಬೇಡಿ! ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮುಂಚೆ ತಡೆಯಬಹುದು. ತಡ ಮಾಡಿದಷ್ಟೂ ಕೈ ತಪ್ಪುತ್ತದೆ.

ಇದನ್ನೆಲ್ಲ ನಮಗೆ ಯಾರು ಹೇಳಿಕೊಟ್ಟರು? ಹಳ್ಳಿಯ ಬ್ಯಾಂಕ್ ಶಾಖೆಗಳು ತಿಂಗಳಿಗೊಂದು ಆರ್ಥಿಕ ಸಾಕ್ಷರತಾ ಶಿಬಿರ ನಡೆಸಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ನಿಮ್ಮೂರಲ್ಲಿ ಕೊನೆಯ ಶಿಬಿರ ಯಾವಾಗ ಆಯಿತು? ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಂಡರೆ ಸಾಲದು. ನಮ್ಮ ಫೋನು ನಮ್ಮ ಕೈಲಿ ಹಿಡಿಸಿ, ಕನ್ನಡದಲ್ಲಿ ಕಲಿಸಲಿ!

ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನೇ ಕೇಳೋಣ. ಸ್ತ್ರೀಶಕ್ತಿ ಸಂಘದ ಸಭೆಗೆ ಬ್ಯಾಂಕ್ ಮ್ಯಾನೇಜರನ್ನು ಕರೆಸೋಣ. ಶಿಬಿರದ ದಿನಾಂಕ ಬರೆಸಿಕೊಂಡೇ ಬರೋಣ!

ಓದಿ ಮಡಚಿಡಬೇಡಿ. ಪಕ್ಕದ ಮನೆಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ!